ನೋವಿನ ಹೊತ್ತಲ್ಲಿ ಒಪ್ಪಿಗೆ ಕೇಳಿಸಬೇಡಿ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ಹೆರಿಗೆ ನೋವು ತಿನ್ನುತ್ತಿರುವ ಹೆಂಗಸನ್ನು ‘ವಂಕಿ (ಬಸಿರು ತಡೆಯಲು ಗರ್ಭಕೋಶದಲ್ಲಿ ಇಡುವ ಕಾಪರ್-ಟಿ) ಹಾಕೋಣ್ವಾ?’ ಎಂದು ಕೇಳಿದರೆ ಹೂಂ ಎನ್ನುತ್ತಾಳೆ. ಏನು ಕೇಳಿದರೂ ಹೂಂ ಎನ್ನುವ ಹೊತ್ತು ಅದು. ಹೆರಿಗೆಯಾದ ಮೇಲಿನ ಗರ್ಭನಿರೋಧಕದ ಈ ಮಾತು ಏಳೆಂಟನೇ ತಿಂಗಳಲ್ಲೇ ಆಗಿ, ಆಕೆಯ ತೀರ್ಮಾನ ತಾಯಿ ಕಾರ್ಡಿನಲ್ಲಿ ಬರೆದಿರಬೇಕು. ‘ಏನೂ ಬೇಡ’ ಎಂಬುದೂ ತೀರ್ಮಾನವೇ.

ವಂಕಿಗೆ ಗಡಿಯಾರ ಮುಖ್ಯ. ಮಾಸು ಬಿದ್ದ 10 ನಿಮಿಷದೊಳಗೆ ಹಾಕಿದರೆ ಒಳ್ಳೆಯದು. ತಪ್ಪಿದರೆ 48 ಗಂಟೆಯೊಳಗೆ. ಅದೂ ದಾಟಿದರೆ ಆರು ವಾರ ಕಾಯಬೇಕು. ನೀರು ಒಡೆದು 18 ಗಂಟೆ ಮೀರಿದ್ದರೆ, ಸೋಂಕಿದ್ದರೆ, ರಕ್ತಸ್ರಾವ ಹತೋಟಿಗೆ ಬಂದಿಲ್ಲದಿದ್ದರೆ ಆಗ ಹಾಕುವಂತಿಲ್ಲ. ಗರ್ಭಕೋಶದ ಮೇಲ್ತುದಿಗೆ ಮುಟ್ಟಿಸದೆ ಕೆಳಗೇ ಬಿಟ್ಟರೆ ಜಾರಿ ಬೀಳುತ್ತದೆ, ಬಿದ್ದದ್ದು ಬಾಣಂತಿಗೆ ಗೊತ್ತೇ ಆಗದಿರಬಹುದು. ಆರನೇ ವಾರದ ತಪಾಸಣೆ ಅದಕ್ಕಾಗಿ. ವಂಕಿಯ ದಾರ ಕಾಣದಿದ್ದರೆ ಬಿದ್ದುಹೋಗಿದೆ ಎಂದುಕೊಳ್ಳದೆ ಸ್ಕ್ಯಾನ್ ಮಾಡಿಸಬೇಕು.

‘ಹಾಲೂಡಿಸುವಾಗ ಬಸಿರಾಗಲ್ಲ’ ಎನ್ನುವ ಅಜ್ಜಿಯರ ಮಾತು ಸುಳ್ಳಲ್ಲ, ಅರ್ಧ ಮಾತು. ಮಗುವಿಗೆ ಆರು ತಿಂಗಳು ತುಂಬಿರಬಾರದು, ಮುಟ್ಟು ಮರಳಿರಬಾರದು, ಎದೆಹಾಲು ಬಿಟ್ಟು ಬೇರೇನೂ ಕೊಡುತ್ತಿರಬಾರದು. ಮೂರೂ ಕೂಡಿದರೆ ನೂರಕ್ಕೆ 98ರಷ್ಟು ಭದ್ರ. ಎರಡು ಸಲ ಹಾಲೂಡಿಸುವುದರ ನಡುವೆ ಹಗಲು 4, ರಾತ್ರಿ 6 ಗಂಟೆಗಿಂತ ಹೆಚ್ಚು ಬಿಡುವು ಬಿದ್ದರೆ ಭದ್ರತೆ ಸಡಿಲ. ಮೂರನೇ ತಿಂಗಳಿಗೇ ಪೀಣ್ಯದ ಗಾರ್ಮೆಂಟ್ಸಿಗೆ ಮರಳುವ ತಾಯಿಗೆ ಈ ಲೆಕ್ಕ ಹೇಗೆ ಹೊಂದೀತು? ಮುಟ್ಟು ಬಂದಮೇಲೆ ನೋಡೋಣ ಎನ್ನುವವರೂ ಇದ್ದಾರೆ. ಅಂಡ ಬಿಡುಗಡೆ ಮೊದಲ ಮುಟ್ಟಿಗಿಂತ ಮುಂಚೆಯೇ ಆಗಿಬಿಡಬಹುದು!

ಮಾತ್ರೆಗಳಲ್ಲಿ ಎಡವಟ್ಟಾಗುವುದು ಹೆಸರಿನಿಂದ. ಮಾಲಾ-ಎನ್‌ನಲ್ಲಿ ಈಸ್ಟ್ರೋಜನ್ ಎಂಬ ಹಾರ್ಮೋನ್ ಇದೆ, ಹಾಲು ಕಡಿಮೆಯಾಗಬಹುದು. ಹಾಲೂಡಿಸುವವರಿಗೆ ಆರು ತಿಂಗಳ ತನಕ ಬೇಡ. ಇನ್ನೊಂದು ಮಾತ್ರೆ ಛಾಯಾದಲ್ಲಿ ಹಾರ್ಮೋನೇ ಇಲ್ಲ. ಮೊದಲ ಮೂರು ತಿಂಗಳು ವಾರಕ್ಕೆರಡು, ಆಮೇಲೆ ವಾರಕ್ಕೊಂದು. ಮುಟ್ಟು ತಡವಾಗಬಹುದು ಎಂದು ಮೊದಲೇ ಹೇಳದಿದ್ದರೆ ಗಾಬರಿಯಾಗಿ ನಿಲ್ಲಿಸಿಬಿಡುತ್ತಾರೆ. ‘ಅಂತರ’ ಎಂಬ ಗರ್ಭನಿರೋಧಕ ಚುಚ್ಚುಮದ್ದು ಹೆರಿಗೆಯಾದ ಆರು ವಾರದ ನಂತರ, ಮೂರು ತಿಂಗಳಿಗೊಮ್ಮೆ. ನಿಲ್ಲಿಸಿದ ಮೇಲೆ ಗರ್ಭ ನಿಲ್ಲಲು ಕೆಲವು ತಿಂಗಳು ಹಿಡಿಯುತ್ತದೆ, ಬೇಗ ಎರಡನೆಯದು ಬೇಕೆನ್ನುವವರಿಗೆ ಇದನ್ನು ಮುಚ್ಚಿಡಬಾರದು.

ಇನ್ನೊಂದು ತೊಡಕು ಬಾಣಂತನ. ಬೆಂಗಳೂರಿನಲ್ಲಿ ಹೆತ್ತವಳು ಕೋಲಾರದ ತವರಿಗೆ ಹೋಗಿಬಿಟ್ಟರೆ, ಇಲ್ಲಿನ ಆಶಾ ಕಾರ್ಯಕರ್ತೆ 42ನೇ ದಿನ ಯಾರ ಮನೆ ಬಾಗಿಲು ತಟ್ಟಬೇಕು? ಡಿಸ್ಚಾರ್ಜ್ ಚೀಟಿಯಲ್ಲಿ ವಿಧಾನದ ಹೆಸರು, ಹಾಕಿದ ದಿನ, ಮುಂದಿನ ತಾರೀಖು ಕನ್ನಡದಲ್ಲಿ ಬರೆದುಕೊಡಿಸಿ. ಛಾಯಾ ಆರಿಸಿಕೊಂಡವರ ಕೈಗೆ ಮೂರು ತಿಂಗಳ ಮಾತ್ರೆಯನ್ನೂ ಅಲ್ಲೇ ಕೊಡಿಸಿ.

ಇಂತಿ,
ಬೆಂಗಳೂರಿನ ಕೆಲವು ತಾಯಿ-ಮಗು ಆರೋಗ್ಯ ಕಾರ್ಯಕರ್ತೆಯರು