ಸಂಜೆ ಪಾಳಿಯ ಅಕ್ಕನಿಗೆ ಥ್ಯಾಂಕ್ಸ್

ಏಳೆಂಟು ಹಿರಿಯರಷ್ಟೇ ಇರುವ ಆ ಚಿಕ್ಕ ಆರೈಕೆ ಮನೆಗೆ ಅಮ್ಮನನ್ನು ಸೇರಿಸಿದ ಮೊದಲ ಸಂಜೆ. ನಾನು ಹೊರಡಲು ಎದ್ದಿದ್ದೇ ತಡ, ಅಮ್ಮ ಬ್ಯಾಗು ಹಿಡಿದು ಬಾಗಿಲಲ್ಲಿ ನಿಂತರು. "ಮನೆಗೆ ಹೋಗಬೇಕು." ಡಿಮೆನ್ಷಿಯಾ (ಮರೆವಿನ ಕಾಯಿಲೆ) ಇರುವವರಲ್ಲಿ ಹೊತ್ತು ಇಳಿಯುವಾಗ ಗೊಂದಲ, ಚಡಪಡಿಕೆ ಜಾಸ್ತಿಯಾಗಬಹುದು ಅಂತ ಡಾಕ್ಟರು ಹೇಳಿದ್ದರು. ಗೊತ್ತಿದ್ದರೂ ಏನು ಮಾಡಬೇಕೋ ತೋಚಲಿಲ್ಲ. ಸಮಾಧಾನ ಮಾಡಿದಷ್ಟೂ ಅವರ ದನಿ ಏರುತ್ತಿತ್ತು.

ಆಗ ಬಂದವರು ನೀವು. ಹೆಸರು ಕೇಳುವಷ್ಟು ವ್ಯವಧಾನವೂ ನನಗಿರಲಿಲ್ಲ. "ಇದೇ ನಿಮ್ಮ ಮನೆ" ಅಂತ ನೀವು ವಾದಕ್ಕೆ ಇಳಿಯಲಿಲ್ಲ, ಬ್ಯಾಗನ್ನೂ ಕಸಿದುಕೊಳ್ಳಲಿಲ್ಲ. ಮೊದಲು ಲೈಟ್ ಹಾಕಿದಿರಿ. ಟಿವಿ ಆರಿಸಿದಿರಿ. ಎದುರಿಗೆ ಬಂದು ನಿಂತು, "ಮನೇಲಿ ಯಾರ್ಯಾರಿದ್ದಾರೆ?" ಅಂತ ಕೇಳಿದಿರಿ. ಅಮ್ಮ ಹೇಳತೊಡಗಿದರು. ಅದರಲ್ಲಿ ಅರ್ಧ ಜನ ಈಗಿಲ್ಲ. ನೀವು ತಿದ್ದಲಿಲ್ಲ. ಹೂಂಗುಟ್ಟುತ್ತಾ ಅವರ ಜೊತೆ ಹಜಾರದಲ್ಲಿ ನಡೆದಿರಿ, ಅವರದೇ ನಿಧಾನದಲ್ಲಿ.

ಆಮೇಲೆ ಒಗೆದ ಟವೆಲ್‌ಗಳ ಬುಟ್ಟಿ ತಂದು, "ಸ್ವಲ್ಪ ಮಡಚಿ ಕೊಡ್ತೀರಾ?" ಅಂದಿರಿ. ಬ್ಯಾಗು ಕೆಳಗಿಟ್ಟು ಅಮ್ಮ ಕೂತೇಬಿಟ್ಟರು. ಅಂಚಿಗೆ ಅಂಚು ಸೇರಿಸಿ, ಅಂಗೈಯಿಂದ ಸುಕ್ಕು ಸವರಿ ಒಂದೊಂದನ್ನೇ ಮಡಚಿದರು. ನೀವು ಮಡಚಿದ್ದನ್ನೂ ಬಿಚ್ಚಿ ಸರಿ ಮಾಡಿದರು! (ಬೇಜಾರಾಗಬೇಡಿ. ಅಮ್ಮನ ಪರೀಕ್ಷೆಯಲ್ಲಿ ನಾನೂ ಇದುವರೆಗೆ ಪಾಸಾಗಿಲ್ಲ.) ಅಷ್ಟು ಹೊತ್ತಿಗೆ ನನಗೂ ಉಸಿರು ಬಂದಿತ್ತು.

ರಾತ್ರಿ ನೀವೇ ಫೋನ್ ಮಾಡಿದಿರಿ. "ಮಲಗಿದ್ದಾರೆ. ನೀವೂ ಮಲಗಿ." ಅಷ್ಟೇ ಮಾತು. ಬಹಳ ದಿನಗಳ ಮೇಲೆ ಕಣ್ತುಂಬ ನಿದ್ದೆ ಮಾಡಿದೆ.

ಥ್ಯಾಂಕ್ಸ್ ಅಕ್ಕಾ. ಟವೆಲ್ ಇನ್ನೂ ಇದ್ದರೆ ಕೊಡಿ, ಅಮ್ಮ ಬೇಡ ಅನ್ನಲ್ಲ.