ಹೊಸ ಕ್ಯಾಲ್ಕುಲೇಟರ್ ಕೊಳ್ಳುವ ಮುನ್ನ ಹಳೆಯದಕ್ಕೊಂದು ಪರೀಕ್ಷೆ

ಮಾನ್ಯರೆ,

ಕ್ಯಾಲ್ಕುಲಸ್ ತರಗತಿ ಶುರುವಾಗುವ ಹೊತ್ತಿಗೆ ವಿದ್ಯಾರ್ಥಿಗಳಿಗೂ ಹೆತ್ತವರಿಗೂ ಒಂದು ಗೊಂದಲ ಕಾಡುತ್ತದೆ. ಬೀಜಗಣಿತಕ್ಕೆಂದು ಕೊಂಡ ಗ್ರಾಫಿಂಗ್ ಕ್ಯಾಲ್ಕುಲೇಟರ್ ಮುಂದೆಯೂ ಸಾಕಾಗುತ್ತದೆಯೇ ಅಥವಾ ಬಣ್ಣದ ಪರದೆಯ ಹೊಸದನ್ನು ತರಬೇಕೇ? ಹೆಚ್ಚಿನವರಿಗೆ ಹಳೆಯದೇ ಸಾಕು. ಯಾರಿಗೆ ಸಾಲದು ಎಂಬುದನ್ನು ಹತ್ತು ನಿಮಿಷದಲ್ಲಿ ಪರೀಕ್ಷಿಸಿ ತಿಳಿಯಬಹುದು.

ಕ್ಯಾಲ್ಕುಲಸ್‌ನಲ್ಲಿ ಈ ಯಂತ್ರಕ್ಕಿರುವ ಕೆಲಸ ನಾಲ್ಕೇ: ಬೇಕಾದ ವ್ಯಾಪ್ತಿಯಲ್ಲಿ ಗ್ರಾಫ್ ಎಳೆಯುವುದು, ಫಂಕ್ಷನ್ ಎಲ್ಲಿ ಸೊನ್ನೆಯಾಗುತ್ತದೆಂದು ಹುಡುಕುವುದು, ಒಂದು ಬಿಂದುವಿನಲ್ಲಿ ಡೆರಿವೇಟಿವ್‌ನ (ಬದಲಾವಣೆಯ ದರದ) ಬೆಲೆ ಕೊಡುವುದು, ಎರಡು ಮಿತಿಗಳ ನಡುವಿನ ಇಂಟಿಗ್ರಲ್‌ನ (ಗ್ರಾಫ್‌ನ ಕೆಳಗಿನ ವಿಸ್ತೀರ್ಣದ) ಬೆಲೆ ಕೊಡುವುದು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ (ಟಿಐ) ಕಂಪನಿಯ 1999ರ ಟಿಐ-83 ಪ್ಲಸ್ ಕೂಡ ಇವಿಷ್ಟನ್ನೂ ಮಾಡುತ್ತದೆ. ಅದರಲ್ಲಿ ಮತ್ತು 2004ರ ಟಿಐ-84 ಪ್ಲಸ್‌ನಲ್ಲಿ ‘ಮ್ಯಾತ್’ ಗುಂಡಿ ಒತ್ತಿದರೆ 8ನೇ ಸಾಲಿನಲ್ಲಿ ಡೆರಿವೇಟಿವ್ ಕೊಡುವ ಎನ್‌ಡೆರಿವ್, 9ನೇ ಸಾಲಿನಲ್ಲಿ ಇಂಟಿಗ್ರಲ್ ಕೊಡುವ ಎಫ್‌ಎನ್‌ಇಂಟ್ ಸಿಗುತ್ತವೆ. ‘ಸೆಕೆಂಡ್’ ಒತ್ತಿ ‘ಟ್ರೇಸ್’ ಒತ್ತಿದರೆ ಸೊನ್ನೆ ಹುಡುಕುವ ಪಟ್ಟಿ ತೆರೆಯುತ್ತದೆ.

ಮೊದಲು ಎಕ್ಸ್ ಘನದ ಡೆರಿವೇಟಿವ್ ಅನ್ನು ಎಕ್ಸ್ = 1ರಲ್ಲಿ ಕೇಳಿ. ಎನ್‌ಡೆರಿವ್‌ನ ಕಂಸದೊಳಗೆ ಮೊದಲು ಫಂಕ್ಷನ್, ಆಮೇಲೆ ಚರಾಕ್ಷರ, ಕೊನೆಗೆ ಬೆಲೆ, ನಡುವೆ ಅಲ್ಪವಿರಾಮ. ಬರಬೇಕಾದದ್ದು 3; ಪರದೆಯಲ್ಲಿ ಕಾಣುವುದು 3.000001. ಯಂತ್ರ ಕೆಟ್ಟಿದೆ ಎಂದು ಗಾಬರಿಯಾಗಬೇಡಿ. ಅದು ಸೂತ್ರ ಹಾಕಿ ಡೆರಿವೇಟಿವ್ ತೆಗೆಯುವುದಿಲ್ಲ. 1.001ರಲ್ಲಿ ಮತ್ತು 0.999ರಲ್ಲಿ ಫಂಕ್ಷನ್‌ನ ಬೆಲೆ ಕಂಡುಕೊಂಡು, ಅವುಗಳ ವ್ಯತ್ಯಾಸವನ್ನು 0.002ರಿಂದ ಭಾಗಿಸುತ್ತದೆ. ಆ ಕೊನೆಯ 1 ಬಂದದ್ದು ಅಲ್ಲಿಂದ. ಇದೇ ಕಾರಣಕ್ಕೆ ಎಕ್ಸ್‌ನ ನಿರಪೇಕ್ಷ ಬೆಲೆಯ ಡೆರಿವೇಟಿವ್ ಅನ್ನು ಸೊನ್ನೆಯಲ್ಲಿ ಕೇಳಿದರೆ 0 ಎಂದು ಉತ್ತರಿಸುತ್ತದೆ. ಅಲ್ಲಿ ವಕ್ರರೇಖೆಗೆ ಚೂಪು ಮೂಲೆಯಿದೆ, ಡೆರಿವೇಟಿವ್ ಇಲ್ಲವೇ ಇಲ್ಲ. ಎಡಬಲದ ಬೆಲೆಗಳು ಸಮನಾಗಿ ವ್ಯತ್ಯಾಸ ಸೊನ್ನೆಯಾಯಿತು, ಅಷ್ಟೇ. 2015ರಲ್ಲಿ ಬಂದ ಬಣ್ಣದ ಪರದೆಯ ಟಿಐ-84 ಪ್ಲಸ್ ಸಿಇ ಕೂಡ ಇದೇ ವಿಧಾನ ಅನುಸರಿಸುವುದರಿಂದ ಇದೇ ತಪ್ಪು ಉತ್ತರ ಕೊಡುತ್ತದೆ. ಹಣ ಕೊಟ್ಟು ಕಳೆದುಕೊಳ್ಳಬಹುದಾದ ದೋಷ ಇದಲ್ಲ.

ಇಂಟಿಗ್ರಲ್ ಪರೀಕ್ಷೆಗೆ, ಇ ಘಾತ ಋಣ ಎಕ್ಸ್ ವರ್ಗವನ್ನು 0ಯಿಂದ 1ರವರೆಗೆ ಹಾಕಿ. 0.7468 ಎಂದು ಶುರುವಾಗುವ ಸಂಖ್ಯೆ ಬಂದರೆ ಸರಿ. ‘ಸಿಂಟ್ಯಾಕ್ಸ್ ಎರರ್’ ಬಂದರೆ ಬಹುತೇಕ ಸಲ ಕಾರಣ ಒಂದೇ: ಕಂಸದೊಳಗೆ ಗೀಟಿರುವ ಋಣ ಚಿಹ್ನೆಯ ಗುಂಡಿಗೆ ಬದಲು ಕಳೆಯುವ ಗುಂಡಿ ಒತ್ತಿರುತ್ತಾರೆ.

ಎಲ್ಲಕ್ಕಿಂತ ಹೆಚ್ಚು ಅಂಕ ತಿನ್ನುವುದು ಡಿಗ್ರಿ ಮೋಡ್. ಸೈನ್ ಎಕ್ಸ್‌ನ ಡೆರಿವೇಟಿವ್ ಸೊನ್ನೆಯಲ್ಲಿ 1 ಆಗಬೇಕು. 0.01745 ಎಂದು ಬಂದರೆ ಯಂತ್ರ ಡಿಗ್ರಿಯಲ್ಲಿದೆ. ಆ ಸಂಖ್ಯೆ ಪೈ ಭಾಗಿಸು 180. ಗ್ರಾಫ್ ಎಳೆದರೂ ಅಲೆಯ ಬದಲು ನೆಲಕ್ಕೊರಗಿದ ಗೆರೆಯಂತೆ ಕಾಣುತ್ತದೆ. ‘ಮೋಡ್’ ಒತ್ತಿ ರೇಡಿಯನ್ ಆರಿಸಿ. ಮೆಮೊರಿ ರೀಸೆಟ್ ಮಾಡಿದ ಮೇಲೆ ಇದನ್ನು ಮತ್ತೊಮ್ಮೆ ನೋಡಿಕೊಳ್ಳಬೇಕು.

ಹಾಗಾದರೆ ಹಳೆಯದರ ಕೊರತೆ ಎಲ್ಲಿ? ಪರದೆಯಲ್ಲಿ ಮತ್ತು ವೇಗದಲ್ಲಿ. ಟಿಐ-84 ಪ್ಲಸ್‌ನ ಪರದೆ 96 ಬಿಂದು ಅಗಲ, 64 ಬಿಂದು ಎತ್ತರ; ಸಿಇಯದು 320ಕ್ಕೆ 240. ಎಕ್ಸ್ ವರ್ಗದಿಂದ 1 ಕಳೆದು, ಎಕ್ಸ್‌ನಿಂದ 1 ಕಳೆದದ್ದರಿಂದ ಭಾಗಿಸಿದ ಫಂಕ್ಷನ್ ತೆಗೆದುಕೊಳ್ಳಿ. ಎಕ್ಸ್ = 1ರಲ್ಲಿ ಅದಕ್ಕೊಂದು ತೂತು ಇದೆ. ಋಣ 10ರಿಂದ 10ರವರೆಗಿನ ವ್ಯಾಪ್ತಿಯಲ್ಲಿ ಹಳೆಯ ಪರದೆ ಸುಮಾರು 0.213ರ ಹೆಜ್ಜೆ ಇಡುತ್ತದೆ. 1ರ ಮೇಲೆ ಕಾಲಿಡುವುದೇ ಇಲ್ಲ, ತೂತು ಕಾಣುವುದಿಲ್ಲ. ‘ಜೂಮ್’ ಪಟ್ಟಿಯ 4ನೇ ಸಾಲು ಒತ್ತಿದರೆ ವ್ಯಾಪ್ತಿ ಋಣ 4.7ರಿಂದ 4.7ಕ್ಕೆ ಬಂದು ಹೆಜ್ಜೆ ಸರಿಯಾಗಿ 0.1 ಆಗುತ್ತದೆ. ಆಗ 1ರಲ್ಲಿ ಒಂದು ಚುಕ್ಕೆ ಬಿಟ್ಟುಹೋದದ್ದು ಕಣ್ಣಿಗೆ ಬೀಳುತ್ತದೆ. ಟ್ಯಾನ್ ಎಕ್ಸ್‌ಗೆ ಲಂಬ ಗೆರೆಗಳು ಬಂದರೂ ಹೀಗೆಯೇ: ಮೇಲಿನ ಚುಕ್ಕೆಯನ್ನೂ ಕೆಳಗಿನ ಚುಕ್ಕೆಯನ್ನೂ ಯಂತ್ರ ಸುಮ್ಮನೆ ಜೋಡಿಸಿದೆ. ‘ಡಾಟ್’ ಮೋಡ್‌ಗೆ ಹಾಕಿದರೆ ಹೋಗುತ್ತವೆ.

ಒಂದು ಫಂಕ್ಷನ್, ಅದರ ಡೆರಿವೇಟಿವ್, ಅದರದ್ದೂ ಡೆರಿವೇಟಿವ್, ಈ ಮೂರನ್ನೂ ಒಟ್ಟಿಗೆ ನೋಡುವಾಗ ಮಾತ್ರ ಬಣ್ಣದಿಂದ ನಿಜವಾದ ಅನುಕೂಲವಿದೆ ಎಂದು ಒಪ್ಪಬೇಕು. ಹಳೆಯದರಲ್ಲಿ ‘ವೈ ಈಕ್ವಲ್ಸ್’ ಪರದೆಯಲ್ಲಿ ಹೆಸರಿನ ಎಡಕ್ಕೆ ಹೋಗಿ ‘ಎಂಟರ್’ ಒತ್ತುತ್ತಾ ಗೆರೆಯನ್ನು ದಪ್ಪ ಅಥವಾ ಚುಕ್ಕೆಗಳಾಗಿ ಬದಲಿಸಬಹುದು. ಎನ್‌ಡೆರಿವ್‌ನ ಗ್ರಾಫ್ ತೀರಾ ನಿಧಾನವಾದರೆ ‘ವಿಂಡೋ’ದಲ್ಲಿ ಎಕ್ಸ್‌ರೆಸ್ ಅನ್ನು 1ರಿಂದ 3ಕ್ಕೆ ಏರಿಸಿ, ಮೂರಕ್ಕೊಂದು ಬಿಂದುವನ್ನಷ್ಟೇ ಲೆಕ್ಕ ಹಾಕುತ್ತದೆ.

ಇನ್ನೊಂದು ವಿಷಯ ಅನೇಕರಿಗೆ ಗೊತ್ತಿರುವುದಿಲ್ಲ. ಭಿನ್ನರಾಶಿ, ಇಂಟಿಗ್ರಲ್‌ಗಳು ಪುಸ್ತಕದಲ್ಲಿದ್ದಂತೆ ಕಾಣಲಿ ಎಂಬ ಒಂದೇ ಆಸೆಗೆ ಹೊಸದು ಕೊಳ್ಳುವವರು, ಕೈಯಲ್ಲಿರುವುದು ಟಿಐ-84 ಪ್ಲಸ್ ಆಗಿದ್ದರೆ, ಯುಎಸ್‌ಬಿ ಕೇಬಲ್ ಹಾಕಿ ಅದರ ಆಪರೇಟಿಂಗ್ ಸಿಸ್ಟಮ್ ಅನ್ನು 2.53 ಅಥವಾ ನಂತರದ ಆವೃತ್ತಿಗೆ ಏರಿಸಿದರೆ ಸಾಕು. ಟಿಐ-83 ಪ್ಲಸ್‌ಗೆ ಈ ಸೌಲಭ್ಯವಿಲ್ಲ.

ಟಿಐ-89 ಟೈಟಾನಿಯಂ, ಟಿಐ-ಎನ್‌ಸ್ಪೈರ್ ಸಿಎಕ್ಸ್ II ಸಿಎಎಸ್, ಎಚ್‌ಪಿ ಪ್ರೈಮ್‌ನಂಥವು ಬೇರೆಯೇ ಜಾತಿ, ಸಿಎಎಸ್ (ಕಂಪ್ಯೂಟರ್ ಆಲ್ಜೀಬ್ರಾ ಸಿಸ್ಟಮ್) ಇರುವಂಥವು. ಅವು ಅಕ್ಷರಗಳಲ್ಲೇ ಡೆರಿವೇಟಿವ್, ಇಂಟಿಗ್ರಲ್, ಲಿಮಿಟ್ (ಎಕ್ಸ್ ಒಂದು ಬೆಲೆಯನ್ನು ಸಮೀಪಿಸಿದಂತೆ ಫಂಕ್ಷನ್ ಸಮೀಪಿಸುವ ಬೆಲೆ) ಬಿಡಿಸುತ್ತವೆ. ಒಂದರಿಂದ ಕಾಸ್ ಎಕ್ಸ್ ಕಳೆದು ಎಕ್ಸ್ ವರ್ಗದಿಂದ ಭಾಗಿಸಿ, ಎಕ್ಸ್‌ಗೆ 0.00000001 ಕೊಟ್ಟರೆ ಟಿಐ-84 ಸೊನ್ನೆ ಎನ್ನುತ್ತದೆ, ಏಕೆಂದರೆ ಅದು ಇಟ್ಟುಕೊಳ್ಳುವ 14 ಅಂಕಿಗಳಲ್ಲಿ ಆ ಕಾಸ್ ಬೆಲೆ 1ಕ್ಕೆ ದುಂಡಾಗಿಬಿಡುತ್ತದೆ. ಎಕ್ಸ್ ಸೊನ್ನೆಯತ್ತ ಹೋದಾಗ ನಿಜವಾದ ಲಿಮಿಟ್ 1/2. ಸಿಎಎಸ್‌ಗೆ ಲಿಮಿಟ್ ಎಂದೇ ಕೇಳಿದರೆ 1/2 ಸಿಗುತ್ತದೆ. ಇಂಜಿನಿಯರಿಂಗ್‌ವರೆಗೆ ಗಣಿತ ಓದುವವರು ಯಂತ್ರ ಬದಲಿಸುವುದಾದರೆ ಈ ಜಾತಿಗೇ ಹೋಗಲಿ. ಆದರೆ ಮೊದಲು ಪರೀಕ್ಷೆಯ ನಿಯಮ ಓದಿಕೊಳ್ಳಬೇಕು: ಅಮೆರಿಕದ ಎಪಿ ಕ್ಯಾಲ್ಕುಲಸ್ ಪರೀಕ್ಷೆಯಲ್ಲಿ ಟಿಐ-89ಕ್ಕೆ ಅವಕಾಶವಿದೆ, ಅಲ್ಲಿನ ಕಾಲೇಜು ಪ್ರವೇಶ ಪರೀಕ್ಷೆಯಾದ ಎಸಿಟಿಯಲ್ಲಿ ಇಲ್ಲ. ಮೇಲಾಗಿ ಫಂಕ್ಷನ್‌ನೊಳಗೆ ಫಂಕ್ಷನ್ ಇದ್ದಾಗ ಡೆರಿವೇಟಿವ್ ತೆಗೆಯುವ ಚೈನ್ ರೂಲ್ ಕೈಗೆ ಕೂರುವ ಮೊದಲೇ ಇದನ್ನು ಕೈಗೆ ಕೊಟ್ಟರೆ ಮಕ್ಕಳು ಉತ್ತರ ನಕಲಿಳಿಸುವುದನ್ನು ಮಾತ್ರ ಕಲಿಯುತ್ತಾರೆ.

ಗುಂಡಿಗಳು ಎರಡು ಸಲ ಒತ್ತಿದರೂ ಹಿಡಿಯದಿದ್ದರೆ, ಪರದೆಯಲ್ಲಿ ಉದ್ದಕ್ಕೆ ಸಾಲುಗಳೇ ಮಾಯವಾಗಿದ್ದರೆ ಹಳೆಯದನ್ನು ಬಿಡುವುದು ಲೇಸು. ಬರೀ ಮಂಕಾಗಿದ್ದರೆ ‘ಸೆಕೆಂಡ್’ ಒತ್ತಿ ಮೇಲಿನ ಬಾಣ ಒತ್ತಿ, ನಾಲ್ಕೂ ಎಎಎ ಸೆಲ್‌ಗಳನ್ನು ಒಟ್ಟಿಗೆ ಬದಲಿಸಿ ನೋಡಿ. ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ಸೆಲ್ ಹಾಕುವ ಮುಚ್ಚಳ ತೆಗೆದು ಲೋಹದ ಪಟ್ಟಿಗಳ ಮೇಲೆ ಬಿಳಿ ಅಥವಾ ಹಸಿರು ಪುಡಿ ಕಟ್ಟಿದೆಯೇ ನೋಡಬೇಕು, ಕಟ್ಟಿದ್ದರೆ ಬೇಡ. ಸಿಇ ಆದರೆ ಅದರ ಬ್ಯಾಟರಿ ರೀಚಾರ್ಜ್ ಆಗುವಂಥದ್ದು. ಪೂರ್ತಿ ಚಾರ್ಜ್ ಮಾಡಿಸಿ, ಒಂದು ದಿನ ಹಾಗೇ ಇಟ್ಟು, ಎಷ್ಟು ಇಳಿದಿದೆ ಎಂದು ನೋಡಿದ ಮೇಲೆಯೇ ವ್ಯಾಪಾರ ಮುಗಿಸಿ.

– ಗಣಿತ ಉಪನ್ಯಾಸಕಿ