ಶ್ರುತಿ ಸರಿಮಾಡು, ಕೆಮ್ಮು ಬಿಡು

ಪುಟ್ಟಿ,

ಹಳೆಯ ಕಛೇರಿಗಳ ಕ್ಯಾಸೆಟ್ ಪೆಟ್ಟಿಗೆ ನಿನ್ನ ಕೈ ಸೇರಿತಲ್ಲ, ಇನ್ನು ಆತುರಕ್ಕೆ ಒಂದನ್ನೂ ಹಾಕಿ ಕೇಳಬೇಡ. ಮೊದಲು ಕೇಳಿ, ಚೆನ್ನಾಗಿದ್ದರೆ ಕಂಪ್ಯೂಟರಿಗೆ ಇಳಿಸುತ್ತೇನೆ ಅಂದೆ. ಆ ಕ್ರಮ ತಿರುಗಿಸು. ಹಳೆಯ ಟೇಪು ಮೊದಲ ಸಲ ಓಡುವಾಗಲೇ ರೆಕಾರ್ಡ್ ಆಗುತ್ತಿರಬೇಕು. ಎರಡನೆಯ ಓಟಕ್ಕೆ ಅದು ಉಳಿದೀತು ಅನ್ನುವ ಖಾತ್ರಿಯಿಲ್ಲ.

ಎಲ್ಲಕ್ಕಿಂತ ಮೊದಲು ಪ್ರತಿ ಕ್ಯಾಸೆಟ್ಟಿನ ಬೆನ್ನಿನ ಎರಡು ಪುಟ್ಟ ಪ್ಲಾಸ್ಟಿಕ್ ಹಲ್ಲುಗಳನ್ನು ಮುರಿದುಬಿಡು. ತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಏನೂ ಅಳಿಸಿಹೋಗುವುದಿಲ್ಲ. ಆಮೇಲೆ ಬೆಳಕಿಗೆ ಹಿಡಿದು ಕಿಟಕಿಯೊಳಗಿನ ಸುರುಳಿ ನೋಡು. ಅಂಚಿನಲ್ಲಿ ಬಿಳಿ ಪುಡಿ ಕಂಡರೆ ಬೂಷ್ಟು. ಮಲೆನಾಡಿನಲ್ಲೋ ಕರಾವಳಿಯಲ್ಲೋ ನಾಲ್ಕು ಮಳೆಗಾಲ ಕಂಡ ಟೇಪುಗಳಿಗೆ ಇದು ಮಾಮೂಲು. ಅಂಥದ್ದನ್ನು ಯಂತ್ರಕ್ಕೆ ಹಾಕಿದರೆ ಟೇಪು ಓದುವ ಹೆಡ್ಡಿಗೆ ಮೆತ್ತಿಕೊಂಡು ಮುಂದಿನ ಕ್ಯಾಸೆಟ್ಟಿಗೂ ದಾಟುತ್ತದೆ. ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬೇರೆ ಚೀಲಕ್ಕೆ ಹಾಕಿ ಮುಚ್ಚಿಡು.

ಕೆಳಗಿನ ನಡು ಬಾಯಲ್ಲಿ ತಾಮ್ರಬಣ್ಣದ ಪಟ್ಟಿಯ ಮೇಲೆ ಒಂದು ಉಣ್ಣೆಯ ಚೂರು ಇರುತ್ತದೆ. ಟೇಪನ್ನು ಹೆಡ್ಡಿಗೆ ಒತ್ತಿ ಹಿಡಿಯುವುದು ಅದೇ. ಅಂಟು ಒಣಗಿ ಬಿದ್ದುಹೋಗಿದ್ದರೆ ಸದ್ದು ಮಂಕಾಗಿ, ಹೋಗಿ ಬಂದು ಮಾಡುತ್ತದೆ. ಬೇಡದ ಕ್ಯಾಸೆಟ್ಟಿನಿಂದ ಆ ಪಟ್ಟಿಯನ್ನೇ ತೆಗೆದು ಹಾಕಬಹುದು. ಐದು ಸ್ಕ್ರೂ ಬಿಚ್ಚಿ, ಬಿಳಿ ಬಟ್ಟೆಯ ಮೇಲೆ ಮಲಗಿಸಿಯೇ ಮೇಲಿನ ಅರ್ಧ ಎತ್ತು. ಎರಡು ತೆಳು ಹಾಳೆ, ಮೂಲೆಯ ಎರಡು ರೋಲರ್ ಕಳೆಯಬೇಡ. ಟೇಪು ತುಂಡಾಗಿದ್ದರೆ 3.81 ಮಿಲಿಮೀಟರ್ ಅಗಲದ, ಕ್ಯಾಸೆಟ್ಟಿಗೆಂದೇ ಬರುವ ಅಂಟುಪಟ್ಟಿಯನ್ನು ಹಿಂಬದಿಗೆ ಹಾಕು, ಹೆಡ್ಡಿಗೆ ತಾಗುವ ಮುಖಕ್ಕಲ್ಲ. ಸೆಲೋಟೇಪ್ ಮಾತ್ರ ಬೇಡ. ಅದರ ಗೋಂದು ಹೊರಗೆ ಜಿನುಗಿ ಪಕ್ಕದ ಸುತ್ತುಗಳನ್ನೂ ಅಂಟಿಸಿಬಿಡುತ್ತದೆ.

ಯಂತ್ರದ ವಿಷಯ. ವಾಕ್‌ಮನ್ ಆಕಾರದ ಅಗ್ಗದ ಯುಎಸ್‌ಬಿ ಡಬ್ಬಿ ಕೊಳ್ಳಬೇಡ. ಅದರ ಮೋಟರು ಸಮವೇಗದಲ್ಲಿ ಓಡುವುದಿಲ್ಲ. ಸಿನಿಮಾ ಹಾಡಿನಲ್ಲಿ ಗೊತ್ತಾಗದ ಆ ಓಲಾಟ ತಂಬೂರಿಯಲ್ಲಿ ಎದ್ದು ಕಾಣುತ್ತದೆ. ಬೆಲ್ಟ್ ಬದಲಿಸಿ ಸರ್ವೀಸ್ ಮಾಡಿಸಿದ ಹಳೆಯ ಕ್ಯಾಸೆಟ್ ಡೆಕ್ ಒಂದು ಸಾಕು. ಹೆಡ್ಡನ್ನು 99 ಶೇಕಡಾ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸು. ರಬ್ಬರ್ ರೋಲರಿಗೆ ಒಂದು ಹನಿ ಸೋಪು ಬೆರೆಸಿದ ನೀರು ಸಾಕು, ಆಲ್ಕೊಹಾಲ್ ಹೆಚ್ಚಾದರೆ ರಬ್ಬರ್ ಗಡಸಾಗುತ್ತದೆ. ಡೆಕ್ಕಿನ ಲೈನ್ ಔಟ್ ಅನ್ನು, ಕಂಪ್ಯೂಟರಿಗೆ ಸದ್ದು ಇಳಿಸುವ ಆಡಿಯೋ ಇಂಟರ್‌ಫೇಸಿನ ಲೈನ್ ಇನ್‌ಗೆ ಕೊಡು. ಮೈಕ್ ರಂಧ್ರಕ್ಕೆ ಕೊಟ್ಟರೆ ಸದ್ದು ಒಡೆಯುತ್ತದೆ. ಗುಂಯ್ ಎಂದರೆ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ನೋಡು.

ಸಿ‑60, ಸಿ‑90 (ಎರಡೂ ಬದಿ ಸೇರಿ 60, 90 ನಿಮಿಷದವು) ಆದರೆ ಹಾಡಿಸದೆ ಒಮ್ಮೆ ತುದಿಯಿಂದ ತುದಿಗೆ ಸುತ್ತಿಸು, ವರ್ಷಗಟ್ಟಲೆ ಬಿಗಿದುಕೊಂಡ ಸುರುಳಿ ಸಡಿಲವಾಗುತ್ತದೆ. ಸಿ‑120ಕ್ಕೆ ಈ ಉಪಚಾರವೂ ಬೇಡ. ಸಿ‑60ರ ಟೇಪು ಸುಮಾರು 18 ಮೈಕ್ರಾನ್ ದಪ್ಪ, ಸಿ‑90 ಸುಮಾರು 12, ಸಿ‑120 ಬರೀ 9. ಎಳೆದರೆ ಹಿಗ್ಗುತ್ತದೆ.

ಕಂಪ್ಯೂಟರಿನಲ್ಲಿ ರೆಕಾರ್ಡ್ ಒತ್ತಿದ ಮೇಲೆ, ಮೊದಲ ಒಂದೆರಡು ನಿಮಿಷ ಅಜಿಮತ್ ಕೆಲಸ. ಹೆಡ್ಡಿನ ಪಕ್ಕ ಸ್ಪ್ರಿಂಗ್ ಇರುವ ಪುಟ್ಟ ಸ್ಕ್ರೂ ಹೆಡ್ಡಿನ ಓರೆಯನ್ನು ಬದಲಿಸುತ್ತದೆ. ಟೇಪನ್ನು ಮುದ್ರಿಸಿದ ಯಂತ್ರದ ಓರೆಯೂ ನಿನ್ನ ಡೆಕ್ಕಿನ ಓರೆಯೂ ಒಂದೇ ಇರಲು ಸಾಧ್ಯವೇ ಇಲ್ಲ. ಮೊದಲಿದ್ದ ಸ್ಥಾನಕ್ಕೆ ಗುರುತು ಹಾಕಿಕೊಂಡು, ಎರಡೂ ಚಾನೆಲ್ ಕೂಡಿಸಿ ಮೋನೊದಲ್ಲಿ ಕೇಳುತ್ತಾ ಕೂದಲೆಳೆಯಷ್ಟೇ ತಿರುಗಿಸು. ತಂಬೂರಿಯ ಝೇಂಕಾರವೂ ಸಾಹಿತ್ಯದ ಸಕಾರ ಶಕಾರಗಳೂ ಎಲ್ಲಿ ಅತಿ ಸ್ಪಷ್ಟವೋ ಅಲ್ಲಿ ಸ್ಕ್ರೂ ಬಿಟ್ಟು, ಟೇಪನ್ನು ಆರಂಭಕ್ಕೆ ಸುತ್ತಿ ಪೂರ್ತಿ ಓಡಿಸು. ಪ್ರತಿ ಟೇಪಿನ ಪ್ರತಿ ಬದಿಗೂ ಇದನ್ನು ಮಾಡಲೇಬೇಕು. ಅರ್ಧ ಜನ ಇದನ್ನು ಬಿಟ್ಟು, ಟ್ರೆಬಲ್ ಇಲ್ಲವೆಂದು ಆಮೇಲೆ ಸಾಫ್ಟ್‌ವೇರಿನಲ್ಲಿ ಏರಿಸುತ್ತಾರೆ. ಆಗ ಏರುವುದು ಟೇಪಿನ ಸುಯ್ ಸದ್ದು ಮಾತ್ರ. ಸುಯ್ ಸದ್ದು ತಗ್ಗಿಸುವ ಡಾಲ್ಬಿ ಗುಂಡಿ ಆರಿಸಿಡು. ಮನೆಯ ರೆಕಾರ್ಡರಿನಲ್ಲಿ ಹಿಡಿದ ಕಛೇರಿಗಳಲ್ಲಿ ಅದು ಇರುವುದು ಅಪರೂಪ.

24 ಬಿಟ್, 48 ಕಿಲೋಹರ್ಟ್ಸ್, ವೇವ್ ಕಡತ. ನಿಮಿಷಕ್ಕೆ 17 ಎಂಬಿ, ಅಂದರೆ ಒಂದು ಸಿ‑90ಕ್ಕೆ ಒಂದೂವರೆ ಜಿಬಿ. ರೆಕಾರ್ಡಿಂಗಿನ ಮಟ್ಟವನ್ನು ಹಾಡಿನ ತಾರಸ್ಥಾಯಿ ನೋಡಿ ನಿಗದಿ ಮಾಡಬೇಡ. ಕಛೇರಿಯಲ್ಲಿ ಮುಳ್ಳು ಅತಿ ಹೆಚ್ಚು ಜಿಗಿಯುವುದು ತನಿ ಆವರ್ತನದ (ಮೃದಂಗದವರು ಒಂಟಿಯಾಗಿ ನುಡಿಸುವ ಭಾಗದ) ಕೊನೆಯ ಮುಕ್ತಾಯವಾದ ಕೋರ್ವೆಯಲ್ಲಿ, ಅದರ ಬೆನ್ನಿಗೇ ಬರುವ ಚಪ್ಪಾಳೆಯಲ್ಲಿ. ಹಾಡು ಮೈನಸ್ 15 ಡೆಸಿಬೆಲ್ ಆಸುಪಾಸಿನಲ್ಲಿರಲಿ. 24 ಬಿಟ್ಟಿನಲ್ಲಿ ಕಡಿಮೆ ಮಟ್ಟದಿಂದ ನಷ್ಟವಿಲ್ಲ. ಸೊನ್ನೆ ದಾಟಿದರೆ ಮಾತ್ರ ಉಳಿಗಾಲವಿಲ್ಲ.

ಈಗ ಶ್ರುತಿ. ನಿಜವಾಗಿ ದುರಸ್ತಿ ಬೇಕಾದದ್ದು ಇದೊಂದೇ, ಹೆಚ್ಚಿನವರು ಕೈಹಾಕದೆ ಬಿಡುವುದೂ ಇದನ್ನೇ. ಕ್ಯಾಸೆಟ್ ಸೆಕೆಂಡಿಗೆ 4.76 ಸೆಂಟಿಮೀಟರ್ ಓಡಬೇಕು. ಮುದ್ರಿಸಿದ ರೆಕಾರ್ಡರ್ ನಿಧಾನವಾಗಿ ಓಡಿದ್ದರೆ ಈಗ ಎಲ್ಲವೂ ವೇಗವಾಗಿ, ಎತ್ತರದಲ್ಲಿ ಕೇಳುತ್ತದೆ. 6 ಶೇಕಡಾ ವ್ಯತ್ಯಾಸಕ್ಕೆ ಅರ್ಧ ಮನೆ ಶ್ರುತಿ ಏರುತ್ತದೆ: ಒಂದು ಮನೆಯ ಗಾಯಕ ಒಂದೂವರೆಗೆ ಬರುತ್ತಾನೆ. ಅಷ್ಟೇ ಆದರೆ ಸಹಿಸಬಹುದಿತ್ತು. ಕಂಠದ ತೂಕ ಹೋಗುತ್ತದೆ, ಮೃದಂಗದ ತೊಪ್ಪಿ (ಎಡಬದಿ) ಟಪಟಪ ಅನ್ನುತ್ತದೆ, ನಿಧಾನದ ಚೌಕ ಕಾಲ ಮಧ್ಯಮ ಕಾಲದ ಕಡೆಗೆ ವಾಲುತ್ತದೆ. ಬ್ಯಾಟರಿಯಲ್ಲಿ ಹಿಡಿದ ಟೇಪಾದರೆ ಇನ್ನೊಂದು ತಮಾಷೆ: ಸೆಲ್ ಇಳಿದಂತೆ ಮೋಟರು ಸೋತಿರುತ್ತದೆ, ಹಾಗಾಗಿ ಈಗ ಕೇಳುವಾಗ ಶ್ರುತಿ ಬದಿಯ ಉದ್ದಕ್ಕೂ ಮೆಲ್ಲಗೆ ಏರುತ್ತಾ ಹೋಗುತ್ತದೆ.

ಅಳೆಯುವುದು ಹೇಗೆ? ಎರಡು ಸಾಕ್ಷಿ ಇವೆ. ಒಂದು, ಮುದ್ರಣದೊಳಗೇ ಸೇರಿರುವ ವಿದ್ಯುತ್ತಿನ ಗುಂಯ್‌ಕಾರ. ಅದು 50 ಹರ್ಟ್ಸ್, ಅದರ ಗುಣಕಗಳು 100, 150, 300. ಆಡಾಸಿಟಿ ಎಂಬ ಸಾಫ್ಟ್‌ವೇರಿನ ಸ್ಪೆಕ್ಟ್ರಮ್ ನೋಟದಲ್ಲಿ ಗಾತ್ರ 65536 ಇಟ್ಟರೆ ಅಳತೆಯ ಒಂದೊಂದು ಹೆಜ್ಜೆ 0.73 ಹರ್ಟ್ಸ್. 50ರಲ್ಲಿ ಅಳೆದರೆ ಅಷ್ಟೇ ಒಂದೂವರೆ ಶೇಕಡಾ ತಪ್ಪಾಗುತ್ತದೆ, ಆದ್ದರಿಂದ ಸಾಧ್ಯವಾದರೆ 300ರ ಶಿಖರ ಹುಡುಕು. ಅದು 307.2ರಲ್ಲಿ ಸಿಕ್ಕರೆ ಟೇಪು 2.4 ಶೇಕಡಾ ಜೋರು. ಆದರೆ ಆ ಗುಂಯ್ ನಿನ್ನ ಡೆಕ್ಕಿನದೇ ಇರಬಹುದು. ಟೇಪು ನಿಲ್ಲಿಸಿ ಕೆಲವು ಸೆಕೆಂಡು ರೆಕಾರ್ಡ್ ಮಾಡು, ಆಗಲೂ ಉಳಿದರೆ ಅದು ನಿನ್ನ ಮನೆಯ ಕರೆಂಟು, ಸಾಕ್ಷಿಯಲ್ಲ. ಆಗಿನ ಕಾಲದ ವಿದ್ಯುತ್ತೂ 50ಕ್ಕೆ ಕಟ್ಟುಬಿದ್ದು ನಿಲ್ಲುತ್ತಿರಲಿಲ್ಲ, 49ರ ಕೆಳಗೂ ಇಳಿಯುತ್ತಿತ್ತು. ಹಾಗಾಗಿ ಎರಡನೆಯ ಸಾಕ್ಷಿ ಬೇಕು: ತಂಬೂರಿ. ಕೃತಿ ಮುಗಿದು ಮುಂದಿನದು ಶುರುವಾಗುವ ಮೊದಲು ಅದು ಒಂಟಿಯಾಗಿ ಕೇಳುತ್ತದೆ. ಬದಿಯ ಆರಂಭ, ನಡು, ಕೊನೆ ಮೂರು ಕಡೆ ಷಡ್ಜ ಅಳೆದು ಬರೆದುಕೋ. ಮೂರೂ ಒಂದೇ ಆಗಿ, ಆ ಗಾಯಕರ ಗೊತ್ತಿರುವ ಶ್ರುತಿಗಿಂತ ಮೇಲಿದ್ದರೆ ಒಂದೇ ತಿದ್ದುಪಡಿ ಸಾಕು. ಏರುತ್ತಾ ಹೋಗಿದ್ದರೆ, ವೇಗವನ್ನು ಮೆಲ್ಲಗೆ ಬದಲಿಸುವ ಟೈಮ್ ಟ್ರ್ಯಾಕ್ ಹಾಕಿ ಇಳಿಜಾರು ಎಳೆ. ಎರಡರಲ್ಲೂ ಬದಲಾಗಬೇಕಾದದ್ದು ವೇಗ, ಶ್ರುತಿ ಮಾತ್ರವಲ್ಲ. ಶ್ರುತಿಯನ್ನಷ್ಟೇ ಇಳಿಸುವ ಆಯ್ಕೆ ಒತ್ತಿದರೆ ತಾಳ ತಪ್ಪು ವೇಗದಲ್ಲೇ ಉಳಿಯುತ್ತದೆ. ಇವೆಲ್ಲ ನಕಲಿನ ಮೇಲೆ; ಮೊದಲ ವೇವ್ ಕಡತವನ್ನು ಎಂದೂ ಮುಟ್ಟಬೇಡ.

ಕೃತಿಗಳ ನಡುವಿನ ಬಿಡುವನ್ನು ಕತ್ತರಿಸಬೇಡ ಅನ್ನುವುದು ಇದಕ್ಕೇ. ಕೆಮ್ಮು, ಕುರ್ಚಿ ಎಳೆದ ಸದ್ದು, ಮೃದಂಗಕ್ಕೆ ಕಲ್ಲಿನ ಪೆಟ್ಟು ಕೊಟ್ಟು ಶ್ರುತಿ ಸೇರಿಸುವುದು, ಸಂಘಟಕರ ಕೃತಜ್ಞತೆಯ ಉದ್ದನೆಯ ಪಟ್ಟಿ (ಅದೊಂದನ್ನು ಕತ್ತರಿಸಿದರೆ ಯಾರೂ ಬೈಯರು, ಆದರೂ ಬಿಡು), ಟೇಪು ಅಳೆಯಲು ಬೇಕಾದದ್ದೆಲ್ಲ ಅಲ್ಲೇ ಇರುತ್ತದೆ. ಪಕ್ಕದವರು ತೊಡೆ ತಟ್ಟಿ ತಾಳ ಹಾಕಿದ್ದೂ ಇರಲಿ. ನೆರವಲಿನಲ್ಲಿ (ಒಂದೇ ಸಾಲನ್ನು ಬೆಳೆಸಿ ಹಾಡುವಾಗ) ಎಡುಪ್ಪು, ಅಂದರೆ ಸಾಲು ಶುರುವಾಗುವ ತಾಳದ ಜಾಗ, ಎಲ್ಲಿದೆ ಎಂದು ಅದೇ ಹೇಳಿಕೊಡುತ್ತದೆ. ಸದ್ದು ಕಳೆಯುವ ಫಿಲ್ಟರಿಗೆ ತಂಬೂರಿಯ ಝೇಂಕಾರವೂ ಟೇಪಿನ ಸುಯ್ ಸದ್ದೂ ಒಂದೇ ಜಾತಿ. ಜೋರಾಗಿ ಹಾಕಿದರೆ ಎರಡನ್ನೂ ಒರೆಸಿ, ಗಾಯಕರನ್ನು ನೀರಿನೊಳಗೆ ಕೂರಿಸಿದಂತೆ ಮಾಡುತ್ತದೆ.

ಕಛೇರಿಯನ್ನು ಇದ್ದಂತೆ ಬಿಡಬೇಕು ಎನ್ನುವುದನ್ನು ದೊಡ್ಡ ಕಂಪನಿಗಳೂ ತಡವಾಗಿ ಕಲಿತವು. 1956ರ ಜುಲೈಯಲ್ಲಿ ನ್ಯೂಪೋರ್ಟ್ ಜಾಝ್ ಉತ್ಸವದಲ್ಲಿ ಡ್ಯೂಕ್ ಎಲಿಂಗ್ಟನ್ ತಂಡದ ಪಾಲ್ ಗೊನ್ಸಾಲ್ವಿಸ್ ಸ್ಯಾಕ್ಸೊಫೋನಿನಲ್ಲಿ 27 ಸುತ್ತು ನುಡಿಸಿದರು, ಜನ ಎದ್ದು ಕುಣಿದರು. ಆದರೆ ನುಡಿಸಿದ್ದು ಕೊಲಂಬಿಯಾ ಕಂಪನಿಯ ಮೈಕಿಗಲ್ಲ, ಪಕ್ಕದಲ್ಲಿದ್ದ ವಾಯ್ಸ್ ಆಫ್ ಅಮೆರಿಕ ರೇಡಿಯೋದ ಮೈಕಿಗೆ. ಕಂಪನಿ ಬಹುಭಾಗವನ್ನು ಸ್ಟುಡಿಯೋದಲ್ಲಿ ಮತ್ತೆ ನುಡಿಸಿ, ಚಪ್ಪಾಳೆ ಅಂಟಿಸಿ ಮಾರಿತು. ರೇಡಿಯೋದ ಟೇಪು 1990ರ ದಶಕದಲ್ಲಿ ಸಿಕ್ಕಾಗ, ಎರಡು ಮೋನೊ ಮುದ್ರಣಗಳನ್ನು ಜೋಡಿಸಿ 1999ರಲ್ಲಿ ಸ್ಟೀರಿಯೋದಲ್ಲಿ ನಿಜವಾದ ಕಛೇರಿಯನ್ನು ಹೊರತಂದರು. ಎರಡನ್ನೂ ಒಂದರ ಹಿಂದೊಂದು ಕೇಳು, ಅಂಟಿಸಿದ ಚಪ್ಪಾಳೆಯ ಹಿಂದೆ ಆ ಬಯಲೇ ಇಲ್ಲ ಎಂದು ಗೊತ್ತಾಗುತ್ತದೆ. ದಿ ಹೂ ಎಂಬ ರಾಕ್ ತಂಡ 1970ರ ಫೆಬ್ರವರಿ 14ರಂದು ಲೀಡ್ಸ್ ವಿಶ್ವವಿದ್ಯಾಲಯದಲ್ಲಿ ಮುದ್ರಿಸಿದ ತಟ್ಟೆಯಲ್ಲಿ ಕೆಟ್ಟ ಕೇಬಲ್ಲಿನ ಚಟಚಟ ಉಳಿದಿತ್ತು. ಅದು ಇರಲಿ, ತಿದ್ದಬೇಡಿ ಎಂದು ತಟ್ಟೆಯ ನಡುವಿನ ಚೀಟಿಯಲ್ಲೇ ಬರೆದರು. ಜಾಝ್ ಪಿಯಾನೊ ವಾದಕ ಬಿಲ್ ಎವಾನ್ಸರ ಮೂವರ ತಂಡ 1961ರ ಜೂನ್ 25ರ ಭಾನುವಾರ ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಕ್ಲಬ್ಬಿನಲ್ಲಿ ಐದು ಸರದಿ ನುಡಿಸಿತು. ಮೊದಲ ತುಣುಕಿನ ನಡುವೆ ಕರೆಂಟು ಹೋಗಿ ಟೇಪು ಕುಸಿಯುತ್ತದೆ. ಪೂರ್ಣ ಸಂಗ್ರಹದಲ್ಲಿ ಅದನ್ನೂ ಹಾಗೇ ಇಟ್ಟಿದ್ದಾರೆ. ಆ ತಂಡದ ಬಾಸ್ ವಾದಕ ಸ್ಕಾಟ್ ಲಾಫಾರೊ ಹನ್ನೊಂದು ದಿನಕ್ಕೆ ಕಾರು ಅಪಘಾತದಲ್ಲಿ ತೀರಿಕೊಂಡರು, ಇನ್ನೊಂದು ಮುದ್ರಣ ಬರುವಂತಿರಲಿಲ್ಲ.

ಬದಿ ಮುಗಿದು ಆಲಾಪನೆ ತುಂಡಾದಲ್ಲಿ ಬೆಸೆಯಬೇಡ. ಎರಡು ಸೆಕೆಂಡು ಮೌನ ಬಿಟ್ಟು, ಕಡತದ ಟಿಪ್ಪಣಿಯಲ್ಲಿ ಬರೆ. ಕೀತ್ ಜ್ಯಾರೆಟ್ 1975ರ ಜನವರಿ 24ರಂದು ಕಲೋನಿನಲ್ಲಿ ನುಡಿಸಿದ ಪಿಯಾನೊ ಕಛೇರಿಯ ಎಲ್‌ಪಿಯಲ್ಲೂ ಎರಡನೆಯ ಭಾಗವನ್ನು ತಟ್ಟೆಯ ಬದಿ ಸಾಲದೆ ಒಡೆದು, ಎ, ಬಿ ಎಂದು ಪ್ರಾಮಾಣಿಕವಾಗಿ ಹೆಸರಿಟ್ಟರು. ಇನ್ನು, ಮೌನದಲ್ಲಿ ತಂಬೂರಿ ಉಬ್ಬಿ ಮೃದಂಗದ ಪ್ರತಿ ಪೆಟ್ಟಿಗೂ ಕಂಠ ಕುಗ್ಗುತ್ತಿದ್ದರೆ ಅದು ರೆಕಾರ್ಡರಿನ ತಾನಾಗಿ ಮಟ್ಟ ಹೊಂದಿಸುವ ಸರ್ಕ್ಯೂಟಿನ ಕೆಲಸ. ಅದಕ್ಕೆ ಮದ್ದಿಲ್ಲ.

ಹೆಸರಿಡುವಾಗ ಊಹೆ ಬೇಡ. ಗಾಯಕರು, ಪಕ್ಕವಾದ್ಯ, ಸ್ಥಳ, ವರ್ಷ, ಆಮೇಲೆ ರಾಗ, ತಾಳ, ಕೃತಿ. ವರ್ಷ ಗೊತ್ತಿಲ್ಲದಿದ್ದರೆ ಸುಳಿವಿನಿಂದ ಗಡಿ ಹಾಕು. ಪಿಟೀಲು ಮೈಸೂರು ಚೌಡಯ್ಯನವರದಾದರೆ 1967ರ ಜನವರಿಗಿಂತ ಹಿಂದಿನದು. ನಮ್ಮಲ್ಲಿ ಕ್ಯಾಸೆಟ್ ಮನೆಮನೆಗೆ ಬಂದದ್ದೇ ಆಮೇಲೆ, ಆದ್ದರಿಂದ ನಿನ್ನ ಕೈಯಲ್ಲಿರುವುದು ಸ್ಪೂಲಿನ (ಹಳೆಯ ದೊಡ್ಡ ಸುರುಳಿ ಟೇಪಿನ) ನಕಲು. ನಕಲಾದರೆ ಎರಡು ಯಂತ್ರಗಳ ವೇಗದ ತಪ್ಪು ಒಂದರ ಮೇಲೊಂದು ಕೂತಿರುತ್ತದೆ. ಘೋಷಕರು ಚೌಡಯ್ಯ ಸ್ಮಾರಕ ಭವನ ಎಂದರೆ 1980ರ ನಂತರದ್ದು. ಕೋಟೆ ಹೈಸ್ಕೂಲು ಮೈದಾನ, ರಾಮಸೇವಾ ಮಂಡಳಿ ಎಂದರೆ ಚಾಮರಾಜಪೇಟೆಯ ರಾಮನವಮಿ. ಅದು 1939ರಿಂದ ನಡೆಯುತ್ತಿರುವುದರಿಂದ ವರ್ಷಕ್ಕೆ ಸುಳಿವಾಗದು, ಪಕ್ಕವಾದ್ಯದವರ ಹೆಸರೇ ಬೇಕು. ಮಲ್ಲಿಕಾರ್ಜುನ ಮನ್ಸೂರರ ಟೇಪುಗಳಲ್ಲಿ ರಾಗದ ಹೆಸರು ತಿಳಿಯದೆ ತಪ್ಪು ಬರೆದವರೇ ಹೆಚ್ಚು. ಎರಡು ರಾಗ ಬೆಸೆದು ಅವರು ಹಾಡಿದ ಜೋಡುರಾಗಗಳು ಅಂಥವು. ತಿಳಿದವರನ್ನು ಕೇಳುವವರೆಗೆ ಜಾಗ ಖಾಲಿ ಬಿಡು.

ನಡುವೆ ಕಿವಿ ಹದ ಮಾಡಿಕೊಳ್ಳಲು ಒಂದು ಮುದ್ರಣ ಹೇಳುತ್ತೇನೆ: ರವಿಶಂಕರ್ ಮತ್ತು ಅಲಿ ಅಕ್ಬರ್ ಖಾನ್ 1972ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನಲ್ಲಿ ನುಡಿಸಿದ ಜುಗಲ್‌ಬಂದಿ, ತಬಲಾ ಅಲ್ಲಾ ರಖಾ. ಇಬ್ಬರ ಗುರು ಅಲ್ಲಾವುದ್ದೀನ್ ಖಾನರು ತೀರಿಕೊಂಡು ಒಂದು ತಿಂಗಳಾಗಿತ್ತು. ಸಿತಾರಿನ ತರಫುಗಳೂ (ತಾವಾಗಿ ಮಿಡಿಯುವ ಕೆಳತಂತಿಗಳು) ಸರೋದಿನ ಖರ್ಜವೂ (ಮಂದ್ರದ ತಂತಿ) ಬೇರೆಬೇರೆಯಾಗಿ ಕೇಳುತ್ತವೆ. ನಿನ್ನ ಹೆಡ್‌ಫೋನಿನಲ್ಲಿ ಹಾಗೆ ಕೇಳದಿದ್ದರೆ ಟೇಪು ತಿದ್ದುವ ಮೊದಲು ಹೆಡ್‌ಫೋನ್ ಬದಲಿಸು.

ಮೊದಲಿಗೆ ಅಂಗಡಿಯಲ್ಲಿ ಕೊಂಡ, ಸಿ.ಡಿ.ಯೂ ಸಿಗುವ ಯಾವುದಾದರೂ ಕ್ಯಾಸೆಟ್ ತೆಗೆದುಕೋ. ಇಳಿಸಿ, ಸಿ.ಡಿ. ಜೊತೆ ಶ್ರುತಿ ಹೋಲಿಸು. ಆಗ ನಿನ್ನ ಡೆಕ್ಕಿನ ವೇಗ ಎಷ್ಟು ತಪ್ಪಿದೆ ಎಂದು ತಿಳಿಯುತ್ತದೆ. ಮೋಟರಿನ ಹಿಂದಿನ ಪುಟ್ಟ ರಂಧ್ರದೊಳಗೆ ಅದನ್ನು ಹೊಂದಿಸುವ ಸ್ಕ್ರೂ ಇರುತ್ತದೆ, ಪ್ಲಾಸ್ಟಿಕ್ ಸ್ಕ್ರೂಡ್ರೈವರಿನಿಂದ ತಿರುಗಿಸು. ಕಬ್ಬಿಣದ್ದು ತಾಗಿದರೆ ಕೆಲವು ಮೋಟರುಗಳಲ್ಲಿ ಸರ್ಕ್ಯೂಟ್ ಸುಡುತ್ತದೆ. ಅದು ಸರಿಹೋದ ಮೇಲೆ ರಾಮನವಮಿಯ ಟೇಪುಗಳಿಗೆ ಕೈಹಾಕು. ಕೆಲಸ ಮುಗಿದವನ್ನು ನಿಲ್ಲಿಸಿಡು, ಮಲಗಿಸಬೇಡ, ಸ್ಪೀಕರಿನ ಹತ್ತಿರವಂತೂ ಬೇಡವೇ ಬೇಡ.

ಅಮ್ಮ